ಹುಷಾರಪ್ಪನ ಆಯಿಲ್ ಮುಳ್ಳು

ಹುಷಾರಪ್ಪ ಅಂತ ಅವನಿಗೆ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಯಾರೇ ಆಗಲಿ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಸೈಕಲ್ ಹೊಡೆಯುವವರಿಗೆ, ಏಣಿ ಹತ್ತಿದವರಿಗೆ, ಬಿಸಿ ಚಹಾ ಲೋಟ ಎತ್ತಿಕೊಂಡವರಿಗೆ, ಕೊನೆಗೆ ಬೇಲಿ ಹಾರುವ ಬೆಕ್ಕಿಗೂ ಅವನು ಹೇಳುತ್ತಿದ್ದುದು ಒಂದೇ ಮಾತು: "ಹುಷಾರಪ್ಪಾ!" ಎಲ್ಲರಿಗೂ ಹುಷಾರು ಹೇಳುತ್ತಾ ಹೇಳುತ್ತಾ ತನ್ನ ನಿದ್ದೆಯನ್ನೇ ಕಳೆದುಕೊಂಡ ಪುಣ್ಯಾತ್ಮ ಅವನು.

ಸರ್ವೆ ಇಲಾಖೆಯಲ್ಲಿ ಜೀಪು ಓಡಿಸಿಕೊಂಡಿದ್ದವನು. ರಿಟೈರಾದ ಮೇಲೆ, ತಾನೇ ಇಷ್ಟು ವರ್ಷ ಓಡಿಸಿದ ಹಳೇ ಪೆಟ್ರೋಲ್ ಜೀಪನ್ನು ಇಲಾಖೆಯವರು ಹರಾಜಿಗಿಟ್ಟಾಗ ಹಿಡಿದುಕೊಂಡು ಮನೆಗೆ ಬಂದ. ಅವನ ಹೆಂಡತಿ ಹೊಲಿಗೆಯವಳು. ಊರವರಿಗೆ ಟೈಲರಮ್ಮ. ಅಂಗಳದಲ್ಲಿ ನಿಂತ ಜೀಪನ್ನು ಮೇಲಿಂದ ಕೆಳಗೆ ನೋಡಿ, "ಬಂದಳಾ ನನ್ನ ಸವತಿ" ಅಂದಳು. ಅಂದವಳೇ ಅಳತೆ ಟೇಪು ತಂದು ಸೀಟುಗಳ ಅಳತೆ ತೆಗೆದುಕೊಂಡು, ವಾರದೊಳಗೆ ಹಸಿರು ರೆಕ್ಸಿನ್ನಿನ ಹೊಸ ಕವರ್ ಹೊಲಿದು ಹಾಕಿದಳು.

ಆಮೇಲೆ ಆ ಸವತಿಯೇ ಅವಳ ಜೀವ ಉಳಿಸಬೇಕಾಗಿ ಬಂತು. ಟೈಲರಮ್ಮನ ಮೂತ್ರಪಿಂಡ ಎರಡೂ ಕೈಕೊಟ್ಟವು. ವಾರಕ್ಕೆರಡು ಸಲ ಪೇಟೆಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಮಧ್ಯಾಹ್ನ ಮೆಷಿನ್ನಿಗೆ ಹಾಕಿದರೆ ಬಿಡಿಸುವಾಗ ಸಂಜೆ. ಅವರ ಮನೆಯೋ ಗುಡ್ಡದ ನೆತ್ತಿಯ ಮೇಲೆ. ಅಲ್ಲಿಂದ ಡಾಂಬರು ರಸ್ತೆಯವರೆಗೆ ಇರುವುದು ಕೊರಕಲು ದಾರಿ, ನಡುವೆ ಒಂದು ಹಳ್ಳ. ಆಂಬುಲೆನ್ಸ್ ಡ್ರೈವರ್ ಒಮ್ಮೆ ಬಂದು ಆ ದಾರಿಯನ್ನು ನೋಡಿ ಕೈಮುಗಿದು ಹೋಗಿದ್ದ. ಅಲ್ಲಿ ಹತ್ತಿ ಇಳಿಯುವ ಗಾಡಿ ಅಂದರೆ ಹುಷಾರಪ್ಪನ ಜೀಪು ಒಂದೇ. ಅದು ನಿಂತರೆ ಟೈಲರಮ್ಮ ನಿಂತ ಹಾಗೆ. ಈ ಮಾತನ್ನು ಗಂಡ ಹೆಂಡಿರಿಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ, ಆದರೆ ಅವರ ಮನೆಯ ಗೋಡೆಗೂ ಅದು ಗೊತ್ತಿತ್ತು.

ಹಾಗಿರುವಾಗ ಒಂದು ಮಂಗಳವಾರ, ಆಸ್ಪತ್ರೆಯಿಂದ ವಾಪಸು ಬರುತ್ತಾ ಗುಡ್ಡದ ತಿರುವಿನಲ್ಲಿ ದನಗಳು ಅಡ್ಡ ಬಂದವೆಂದು ಜೀಪು ನಿಲ್ಲಿಸಿದಾಗ, ಆಯಿಲ್ ಪ್ರೆಷರ್ ಮುಳ್ಳು ಮೆಲ್ಲಗೆ ಕೆಳಗಿಳಿದು ಸೊನ್ನೆಯ ಪಕ್ಕ ಹೋಗಿ ಮಲಗಿತು. ಎಂಜಿನ್ನಿನ ಒಳಗೆ ಆಯಿಲ್ ಒತ್ತಡದಿಂದ ಸುತ್ತುತ್ತಿದ್ದರೆ ತಾನೇ ಲೋಹಕ್ಕೆ ಲೋಹ ಉಜ್ಜದೆ ಇರುವುದು? ಒತ್ತಡ ಹೋದರೆ ಬೇರಿಂಗು ತಿಂದುಹೋಗಿ ಎಂಜಿನ್ ಜಾಮಾಗಿ ನಿಲ್ಲುತ್ತದೆ. ಹುಷಾರಪ್ಪ ಆಕ್ಸಿಲರೇಟರ್ ಒತ್ತಿದ. ಮುಳ್ಳು ಮನಸ್ಸಿಲ್ಲದ ಮನಸ್ಸಿನಿಂದ ಸ್ವಲ್ಪ ಎದ್ದಿತು.

"ಯಾಕ್ರೀ, ಬೆವರ್ತಿದೀರಾ?" ಪಕ್ಕದಲ್ಲಿದ್ದ ಟೈಲರಮ್ಮ ಕೇಳಿದಳು.

"ಸೆಕೆ."

"ಗಾಳಿ ಹೊಡೀತಿದೆ, ಸೆಕೆ ಅಂತೆ ಸೆಕೆ."

ಅವನು ಬಾಯಿಗೆ ಬೀಗ ಹಾಕಿಕೊಂಡ. ಮೊದಲೇ ಸೋತ ಜೀವ, ಇದೊಂದು ಭಯ ಅವಳಿಗೆ ಯಾಕೆ ಅಂತ ಅವನ ಲೆಕ್ಕ. ತಪ್ಪಿದ್ದೇ ಅಲ್ಲಿ.

ಮಾರನೇ ದಿನ ಬೆಳಿಗ್ಗೆ ಮೊದಲು ಎಂಜಿನ್ನಿನ ಅಳತೆ ಕಡ್ಡಿ ಎಳೆದು ಆಯಿಲ್ ನೋಡಿದ. ಭರ್ತಿ ಇತ್ತು. ಗೆರೆಯಿಂದ ಕೂದಲೆಳೆಯಷ್ಟು ಮೇಲೇ ಇತ್ತು. ಹುಷಾರಪ್ಪನಿಗೆ ಎಷ್ಟು ಸಮಾಧಾನವಾಯಿತೆಂದರೆ ಬಾನೆಟ್ಟಿಗೆ ಎರಡು ಸಲ ತಟ್ಟಿದ. ಹಳೇ ಎಂಜಿನ್ನು ಆಯಿಲ್ ಕುಡಿಯುವುದು ಇದ್ದದ್ದೇ. ಆಗಾಗ ಡಬ್ಬದಿಂದ ಸ್ವಲ್ಪ ಸ್ವಲ್ಪ ಹಾಕುತ್ತಿದ್ದ. ಈಚೆಗೆ ಹಾಕುವ ಪ್ರಸಂಗವೇ ಬಂದಿರಲಿಲ್ಲ. "ಬುದ್ಧಿ ಬಂದಿದೆ ಕಣೇ ನಿನ್ನ ಸವತಿಗೆ, ಒಂದು ತೊಟ್ಟೂ ಕುಡೀತಿಲ್ಲ" ಎಂದು ಹೆಂಡತಿಯ ಮುಂದೆ ಹೇಳಿಕೊಂಡಿದ್ದ. ಅದೇ ಹೊತ್ತಿಗೆ ಪೆಟ್ರೋಲ್ ಬೇಗ ಬೇಗ ಖಾಲಿಯಾಗುತ್ತಿತ್ತಲ್ಲ, ಅದಕ್ಕೆ ಬಂಕಿನವನನ್ನು ಬೈದುಕೊಂಡ. ಎರಡನ್ನೂ ಸೇರಿಸಿ ನೋಡುವ ತಾಳ್ಮೆ ಹೆದರಿದವನಿಗೆ ಎಲ್ಲಿರುತ್ತದೆ ಹೇಳಿ.

ಆಯಿಲ್ ಇದೆ ಅಂದಮೇಲೆ ಸುಳ್ಳು ಹೇಳುತ್ತಿರುವುದು ಮೀಟರೇ ಇರಬೇಕು ಅಂದುಕೊಂಡ. ತಂತಿಯ ತುದಿ ಉಜ್ಜಿದ. ಒತ್ತಡ ಅಳೆದು ಮೀಟರಿಗೆ ಸುದ್ದಿ ಕಳಿಸುವ ಸೆಂಡರ್ ಅನ್ನು ಬಿಚ್ಚಿ ಹೊಸದು ಹಾಕಿದ. ಶುಕ್ರವಾರ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಮುಳ್ಳು ನೆಟ್ಟಗೆ ನಿಂತಿತು. ಸಂಜೆ ಬಿಸಿಯಾದ ಮೇಲೆ ಮತ್ತೆ ಅದೇ ಹಾಡು.

ಪೇಟೆಯಲ್ಲಿ ಆಸ್ಪತ್ರೆಯ ಎದುರಿಗೇ ಗ್ಯಾರೇಜಿನ ಮೇಸ್ತ್ರಿ ಇದ್ದ, ಹಳೇ ಗೆಳೆಯ. ಅವನ ಹತ್ತಿರ ಜೀಪು ಬಿಟ್ಟಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಹುಷಾರಪ್ಪನಿಗೆ ಅವನ ಸ್ಪ್ಯಾನರಿನ ಬಗ್ಗೆ ಭಯ. ಎಂಜಿನ್ ಬಿಚ್ಚೋಣ ಅಂತ ಅವನು ಒಮ್ಮೆ ಅಂದರೆ ಮುಗಿಯಿತು, ಸಾಮಾನು ಬರುವವರೆಗೆ ಜೀಪು ಕಲ್ಲಿನ ಮೇಲೆ ಕೂತಿರುತ್ತದೆ. ಅಷ್ಟು ದಿನ ಇವಳ ಗತಿ? ಅದಕ್ಕೇ ಒಂದು ಸುಳ್ಳು ಕಟ್ಟಿಕೊಂಡು ಹೋದ.

"ಆಯಿಲ್ ಪ್ರೆಷರ್ ಚೆಕ್ ಮಾಡೋ ಮೀಟರ್ ಒಂದಿನ ಕೊಡಯ್ಯ."

"ಯಾರ ಗಾಡಿಗೆ?"

"ನನ್ನ ಷಡ್ಡಕಂದು."

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ತಲೆ ಎತ್ತಿದ. "ನಿನ್ನ ಹೆಂಡ್ತಿ ಒಬ್ಬಳೇ ಮಗಳಲ್ವೇನಯ್ಯಾ? ಷಡ್ಡಕ ಎಲ್ಲಿಂದ ಉದುರಿದ?"

"ದೂರದವನು, ದೂರದವನು" ಎಂದು ಹುಷಾರಪ್ಪ ಮೀಟರನ್ನು ಅಂಗಿಯೊಳಗೆ ತುರುಕಿಕೊಂಡು ಕಾಲ್ತೆಗೆದ.

ಸೆಂಡರ್ ಬಿಚ್ಚಿದ ಜಾಗಕ್ಕೆ ಆ ಮೀಟರನ್ನು ನೇರವಾಗಿ ಸಿಕ್ಕಿಸಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ ನೋಡಿದ. ಅದರ ಮುಳ್ಳೂ ಕೆಳಗೇ ಇಳಿಯಿತು. ಡ್ಯಾಶ್‌ಬೋರ್ಡಿನ ಮೀಟರು ಸುಳ್ಳು ಹೇಳಿರಲಿಲ್ಲ. ಹುಷಾರಪ್ಪ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೂ ತುದಿಯನ್ನು ಎಂಜಿನ್ನಿಗೂ ಒತ್ತಿಟ್ಟು, ಒಳಗೆ ಎಲ್ಲಾದರೂ ಬೇರಿಂಗು ಕುಟ್ಟುತ್ತಿದೆಯೇ ಎಂದು ಉಸಿರು ಹಿಡಿದು ಕೇಳಿದ. ಕುಟ್ಟುತ್ತಿದ್ದುದು ತನ್ನ ಎದೆಯೋ ಎಂಜಿನ್ನೋ ಅವನಿಗೆ ಗೊತ್ತಾಗಲಿಲ್ಲ.

ಇಷ್ಟಾದ ಮೇಲಾದರೂ ಹೆಂಡತಿಗೆ ಹೇಳಬೇಕೋ ಬೇಡವೋ? ಈ ಮಹಾನುಭಾವ ಏನು ಮಾಡಿದ ಗೊತ್ತೇ? ಡ್ಯಾಶ್‌ಬೋರ್ಡಿನ ಮೀಟರಿನ ಗಾಜಿಗೆ ಕಪ್ಪು ಟೇಪು ಅಂಟಿಸಿದ. ಅವಳು ಕೂರುವ ಕಡೆಯಿಂದ ಮುಳ್ಳು ಕಾಣಬಾರದು, ತನಗೆ ಮಾತ್ರ ಕಾಣಬೇಕು. ಅದಕ್ಕೆ ತನ್ನ ಕಡೆ ಒಂದು ಸಂದು ಬಿಟ್ಟುಕೊಂಡ.

"ಇದೇನ್ರೀ ಪಟ್ಟಿ ಕಟ್ಟಿದೀರಿ?"

"ಗಾಜು ಬಿರುಕು ಬಿಟ್ಟಿದೆ."

ಆ ಸಂದಿನಲ್ಲಿ ಇಣುಕಬೇಕೆಂದರೆ ಕುತ್ತಿಗೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ ಬಗ್ಗಬೇಕಿತ್ತು. ಸಂಜೆ ಬೆಳಕಿನಲ್ಲಿ ಇನ್ನೂ ಬಗ್ಗಬೇಕಿತ್ತು. ಹೀಗೆ ಬಗ್ಗುತ್ತಾ ಏಳುತ್ತಾ ಗಾಡಿ ಒಂದೆರಡು ಸಲ ದಾರಿಯ ಅಂಚಿಗೆ ಹೋಗಿ ಬಂತು. ಟೈಲರಮ್ಮ ಸೀಟಿನ ಮುಂದಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ಎಷ್ಟೋ ದಿನ ಇದೇ ನಡೆಯಿತು. ಅವಳ ಪಾದ ಊದಿಕೊಳ್ಳತೊಡಗಿತು. ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ನೀರು ಕಡಿಮೆ ಕುಡಿಯಿರಿ ಅಂದರು. ಹುಷಾರಪ್ಪ ಡಯಾಲಿಸಿಸ್ ಕೋಣೆಗೆ ಒಮ್ಮೆಯೂ ಹೋದವನಲ್ಲ. ಹೆಂಡತಿಯ ರಕ್ತ ನಳಿಕೆಯಲ್ಲಿ ಹರಿಯುವುದನ್ನು ನೋಡುವಷ್ಟು ಗಟ್ಟಿ ಗುಂಡಿಗೆ ಅವನದಲ್ಲ. ಅವಳು ಒಳಗಿರುವಷ್ಟು ಹೊತ್ತೂ ಆಸ್ಪತ್ರೆಯ ಅಂಗಳದಲ್ಲಿ ಜೀಪಿನ ಬಾನೆಟ್ ಎತ್ತಿಕೊಂಡು ನಿಂತಿರುತ್ತಿದ್ದ. ಎಷ್ಟು ಹೊತ್ತಾಯಿತೆಂದೂ ನೋಡದೆ, ಅವಳು ಬಂದಾಗ ಹೊರಡುತ್ತಿದ್ದ.

ಕೊನೆಗೆ ಒಂದು ಶುಕ್ರವಾರ ಬೆಳಿಗ್ಗೆ ತಣ್ಣನೆ ಎಂಜಿನ್ನಿನಲ್ಲೇ ಮುಳ್ಳು ಏಳಲಿಲ್ಲ. ಹುಷಾರಪ್ಪ ಗಾಬರಿಯಿಂದ ಎಂಜಿನ್ ಆರಿಸಿದ. ಕಡ್ಡಿ ಎಳೆದ. ಆಯಿಲ್ ಗೆರೆ ದಾಟಿ ಮೇಲೆ ಹೋಗಿತ್ತು. ಅಲ್ಲಾ, ಹಾಕದೇ ಇರುವ ಆಯಿಲ್ ಹೆಚ್ಚಾಗುವುದು ಹೇಗೆ? ಗರ ಬಡಿದವನಂತೆ ಕಡ್ಡಿ ಹಿಡಿದು ನಿಂತುಬಿಟ್ಟ. ಒಳಗೆ ಹೆಂಡತಿ ಸೀರೆ ಉಟ್ಟು ಬ್ಯಾಗು ಹಿಡಿದು ತಯಾರಾಗಿದ್ದಳು. ಊದಿದ ಪಾದಕ್ಕೆ ಚಪ್ಪಲಿ ಹಿಡಿಸುತ್ತಿರಲಿಲ್ಲ.

"ಹೊತ್ತಾಯ್ತು, ಹೊರಡಲ್ವಾ?" ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದಳು.

ಹುಷಾರಪ್ಪ ತಿರುಗಿದ. ಅಷ್ಟು ವಯಸ್ಸಿನ ಗಂಡಸು, ಕಣ್ಣಲ್ಲಿ ನೀರು. "ಆಗಲ್ಲ ಕಣೇ. ಪ್ರೆಷರ್ ಇಲ್ಲ. ಇವತ್ತಲ್ಲ, ಎಷ್ಟೋ ದಿನದಿಂದ ಇಲ್ಲ. ನಿನಗೆ ಹೇಳ್ಲಿಲ್ಲ. ಹಳ್ಳದ ಮಧ್ಯೆ ನಿಂತ್ರೆ ನಿನ್ನ ಹೊತ್ತುಕೊಂಡು ಹೋಗೋ ಶಕ್ತಿ ನನಗಿಲ್ಲ."

ಟೈಲರಮ್ಮ ಬೈಯಲಿಲ್ಲ. ಹತ್ತಿರ ಬಂದು ಅವನ ಕೈಯಿಂದ ಕಡ್ಡಿ ತೆಗೆದುಕೊಂಡಳು. ಸುಮ್ಮನೆ ನೋಡಲೆಂದು ತೆಗೆದುಕೊಂಡವಳು ಮುಖ ಹಿಂದಕ್ಕೆಳೆದಳು.

"ಥೂ, ಇದೇನ್ರೀ ಪೆಟ್ರೋಲ್ ನಾತ!"

"ಅದು ಆಯಿಲ್ ಕಣೇ."

"ಆಯಿಲ್ ನಾತ ನನಗೆ ಗೊತ್ತಿಲ್ವಾ? ನಿಮ್ಮ ಅಂಗಿ ಒಗೆದೇ ಮುದುಕಿ ಆದವಳು ನಾನು. ಇದು ಬರೀ ಪೆಟ್ರೋಲು. ನೀವು ಕಡ್ಡಿ ಒರೆಸೋ ಬಟ್ಟೇನೂ ಈಚೀಚೆಗೆ ಹೀಗೇ ನಾರ್ತಿತ್ತು."

ಹುಷಾರಪ್ಪನ ಮೂಗು ಒಂದು ಜ್ವರದಲ್ಲಿ ವಾಸನೆ ಕಳೆದುಕೊಂಡು ವರ್ಷಗಳಾಗಿದ್ದವು. ಹಾಲು ಸೀದು ಮನೆಯೆಲ್ಲ ಹೊಗೆಯಾದರೂ ಒಲೆಯ ಪಕ್ಕ ಕೂತು ಪೇಪರ್ ಓದುವವನು ಅವನು. ಮನೆಯಲ್ಲಿ ಯಾವುದು ಹಳಸಿದೆ ಯಾವುದು ಇಲ್ಲ ಎಂದು ಹೇಳುವ ಮೂಗು ಟೈಲರಮ್ಮನದೇ. ಆ ಒಂದು ಮೂಗಿಗೆ ಕಡ್ಡಿ ಹಿಡಿದಿದ್ದರೆ ಮೊದಲ ದಿನವೇ ರೋಗ ಗೊತ್ತಾಗುತ್ತಿತ್ತು. ಈಗ ಬೆರಳಲ್ಲಿ ಆಯಿಲ್ ಉಜ್ಜಿ ನೋಡಿದ. ನೀರಿನಂತೆ ಜಾರಿತು. ಇಷ್ಟು ದಿನ ಗೆರೆಯನ್ನಷ್ಟೇ ನೋಡಿ ಸಮಾಧಾನಪಟ್ಟುಕೊಂಡಿದ್ದನೇ ಹೊರತು ಮುಟ್ಟಿ ನೋಡುವ ಧೈರ್ಯ ಮಾಡಿರಲಿಲ್ಲ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಹಣೆ ಹಣೆ ಬಡಿದುಕೊಂಡ. ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬುರೇಟರಿಗೆ ಕೊಡುವ ಸಣ್ಣ ಪಂಪು ಎಂಜಿನ್ನಿನ ಪಕ್ಕಕ್ಕೇ ಅಂಟಿಕೊಂಡಿರುತ್ತದೆ. ಅದರೊಳಗಿನ ರಬ್ಬರ್ ಪೊರೆ ಹರಿದಿದೆ. ಪೆಟ್ರೋಲ್ ಸೋರಿ ಎಂಜಿನ್ನಿನ ಹೊಟ್ಟೆಗಿಳಿದು ಆಯಿಲ್ಲಿನ ಜೊತೆ ಬೆರೆಯುತ್ತಿದೆ. ಅಳತೆ ಏರಿದ್ದಕ್ಕೂ ಒತ್ತಡ ಇಳಿದಿದ್ದಕ್ಕೂ ಅದೇ ಕಾರಣ. ಬೇರಿಂಗು ಇನ್ನೂ ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆಮೇಲೆ ಅವನ ಕೈ ಓಡಿದ್ದನ್ನು ನೋಡಬೇಕಿತ್ತು. ಕೆಟ್ಟ ಆಯಿಲ್ಲನ್ನೆಲ್ಲ ಇಳಿಸಿದ. ಪಂಪನ್ನು ಬಿಚ್ಚಿ ತೆಗೆದ. ಅದು ಕೂತಿದ್ದ ತೂತಿಗೆ ತಗಡು ಮುಚ್ಚಬೇಕು, ತಗಡಿನ ಕೆಳಗೆ ಆಯಿಲ್ ಸೋರದಂತೆ ಏನಾದರೂ ಮೆತ್ತಗಿನದು ಬೇಕು. ಟೈಲರಮ್ಮ ಮೆಟ್ಟಿಲ ಮೇಲೆ ಕೂತು, ಸೀಟು ಕವರಿನಿಂದ ಉಳಿದ ರೆಕ್ಸಿನ್ ಚೂರಿನ ಮೇಲೆ ಪಂಪಿನ ಬುಡವನ್ನಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬೋಲ್ಟಿನ ತೂತು ಸಮೇತ ಕತ್ತರಿಸಿ ಕೊಟ್ಟಳು.

"ಸರಿಯಾಗಿದೆಯಾ?"

"ತೋಳಿಲ್ಲದ ರವಿಕೆ ಹೊಲಿದಂಗಿದೆ, ಪರವಾಗಿಲ್ಲ."

"ಬಾಯಿ ಮುಚ್ಚಿಕೊಂಡು ಬೋಲ್ಟ್ ಬಿಗೀರಿ."

ಪೆಟ್ರೋಲ್ ತುಂಬಿದ ಡಬ್ಬವನ್ನು ಜೀಪಿನ ಮೇಲ್ಚೌಕಟ್ಟಿಗೆ ಎತ್ತರದಲ್ಲಿ ಬಿಗಿದು, ಅಲ್ಲಿಂದ ರಬ್ಬರ್ ನಳಿಕೆಯನ್ನು ಕಾರ್ಬುರೇಟರಿಗೆ ಇಳಿಬಿಟ್ಟ. ಪಂಪಿಲ್ಲದೆಯೂ ಪೆಟ್ರೋಲ್ ತಾನಾಗಿ ಇಳಿಯುತ್ತದೆ. ಹೊಸ ಆಯಿಲ್ ಸುರಿದ. ಟೇಪು ಕಿತ್ತೆಸೆದು ಸ್ಟಾರ್ಟ್ ಮಾಡಿದ. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಮೀಟರನ್ನೇ ನೋಡಿದರು. ಮುಳ್ಳು ಒಂದು ಕ್ಷಣ ಅಲ್ಲೇ ಇತ್ತು. ಆಮೇಲೆ ನಡುಗುತ್ತಾ ಎದ್ದು ಅರ್ಧಕ್ಕಿಂತ ಮೇಲೆ ಹೋಗಿ ನಿಂತಿತು. ಹುಷಾರಪ್ಪ ಸ್ಟಿಯರಿಂಗಿಗೆ ಹಣೆ ಒತ್ತಿಕೊಂಡ.

ಹಳ್ಳ ದಾಟಿದರು. ಎಂಜಿನ್ ಕಾವೇರಿತು, ಮುಳ್ಳು ಇಳಿಯಲಿಲ್ಲ. ಪೇಟೆ ಮುಟ್ಟಿದ ಮೇಲೆ ಮೇಸ್ತ್ರಿ ಜೀಪಿನ ನೆತ್ತಿಯ ಮೇಲಿದ್ದ ಡಬ್ಬವನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದೇನಾ ನಿನ್ನ ಷಡ್ಡಕನ ಗಾಡಿ? ಬಿಟ್ಟು ಹೋಗು, ಹೊಸ ಪಂಪ್ ಹಾಕಿಡ್ತೀನಿ."

ಜೀಪು ಗ್ಯಾರೇಜಿಗೆ ಹೋದಮೇಲೆ ಹುಷಾರಪ್ಪನಿಗೆ ಅಂಗಳದಲ್ಲಿ ನಿಲ್ಲಲು ನೆಪವೇ ಇರಲಿಲ್ಲ. ಹೆಂಡತಿಗೆ ನಡೆಯುವುದೂ ಕಷ್ಟವಾಗಿತ್ತು. ಬ್ಯಾಗು ಹಿಡಿದು, ಅವಳ ತೋಳು ಹಿಡಿದು, ಮೊದಲ ಸಲ ಡಯಾಲಿಸಿಸ್ ಕೋಣೆಯೊಳಗೆ ಕಾಲಿಟ್ಟ. ನರ್ಸು ಮೆಷಿನ್ ಸರಿಮಾಡುತ್ತಾ ತಲೆ ಎತ್ತದೆ ಕೇಳಿದಳು:

"ಅಮ್ಮಾ, ಇವತ್ತೂ ಮುಂಚೆನೇ ಬಿಡಿಸ್ಬೇಕಾ? ಬೇಡಮ್ಮಾ. ನೋಡಿ, ಕಾಲು ಹೇಗೆ ಊದಿದೆ. ಪೂರ್ತಿ ಹೊತ್ತು ಮಾಡಿಸ್ಕೊಳ್ದೆ ಇದ್ರೆ ನೀರು ಎದೆಗೇರುತ್ತೆ ಅಂತ ಎಷ್ಟು ಸಲ ಹೇಳ್ಲಿ?"

ಹುಷಾರಪ್ಪ ಹೆಂಡತಿಯ ಮುಖ ನೋಡಿದ. ಹಾಸಿಗೆಯ ಮೇಲೆ ಕೂತಿದ್ದ ಅವಳು ಹೊದಿಕೆಯ ಅಂಚು ಸರಿಮಾಡತೊಡಗಿದಳು.

"ಮುಂಚೆ ಅಂದ್ರೆ?"

"ನೀವು ಸಂಜೆ ಹೊತ್ತು ಬಗ್ಗಿ ಬಗ್ಗಿ, ಕಣ್ಣು ಕಿರಿದು ಮಾಡಿಕೊಂಡು ಓಡಿಸ್ತಿದ್ರಲ್ಲ. ಕಣ್ಣಿಗೆ ಪೊರೆ ಬಂದಿದೆ ಅಂದ್ಕೊಂಡೆ. ಕೇಳಿದ್ರೆ ನೊಂದ್ಕೋತೀರಿ. ಬೆಳಕಿರುವಾಗ್ಲೇ ಮನೆ ಸೇರ್ಲಿ ಅಂತ ನಾನೇ ಬೇಗ ಬಿಡಿಸ್ಕೊಂಡು ಬರ್ತಿದ್ದೆ."

ಹುಷಾರಪ್ಪನಿಗೆ ಈಗ ಹೊಳೆಯಿತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಆಗುತ್ತಿದ್ದುದೆಲ್ಲ ಇವಳಿಗೆ, ಅದೂ ತಾನು ಅಂಟಿಸಿದ ಒಂದು ತುಂಡು ಟೇಪಿನಿಂದ. ಅವಳ ಊದಿದ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನರ್ಸು ಇದ್ದಾಳೆ ಅನ್ನುವುದನ್ನೂ ನೋಡದೆ ಅತ್ತ.

"ಪೂರ್ತಿ ಹೊತ್ತು ಇರ್ಲಿ ಸಿಸ್ಟರ್" ಅಂದ. "ಇನ್ನೂ ಸ್ವಲ್ಪ ಹೆಚ್ಚಾದ್ರೂ ಸರಿ."

"ಕತ್ತಲಾಗುತ್ತಲ್ರೀ" ಎಂದಳು ಟೈಲರಮ್ಮ.

"ಆಗ್ಲಿ ಬಿಡು" ಎಂದು ಸ್ಟೂಲು ಎಳೆದುಕೊಂಡು, ನಳಿಕೆಯಲ್ಲಿ ರಕ್ತ ಹರಿಯತೊಡಗಿದಾಗಲೂ ಏಳದೆ, ಹಾಸಿಗೆಯ ಪಕ್ಕದಲ್ಲೇ ಕೂತ.