ಬ್ಯಾಟರಿಗೆ ನೀರಿಳಿಸುವ ಕರಿಗಿರಮ್ಮ

ಸೂರ್ಯ ಇನ್ನೂ ಬೆಟ್ಟದ ಹಿಂದೆಯೇ ಇದ್ದಾನೆ. ಗವಿಕಲ್ಲುದೊಡ್ಡಿಯ ಕರಿಗಿರಮ್ಮ ಮೂರು ಕಲ್ಲಿನ ಒಲೆಯ ಮುಂದೆ ಕಿವಿಗೊಟ್ಟು ಕೂತಿದ್ದಾರೆ. ಪಾತ್ರೆಯಲ್ಲಿ ನೀರು ಕುದಿಯುತ್ತಿದೆ. ಒಳಗೆ, ಒಂದು ಕಲ್ಲಿನ ಮೇಲೆ ಪಿಂಗಾಣಿ ಬಟ್ಟಲಿದೆ. ಪಾತ್ರೆಯ ಬಾಯಿಗೆ ಮಗುಚಿ ಹಾಕಿದ ಮುಚ್ಚಳದ ಗುಳಿಯಲ್ಲಿ ತಣ್ಣೀರು. ಏರಿದ ಆವಿ ಮುಚ್ಚಳಕ್ಕೆ ತಾಗಿ, ಹನಿಯಾಗಿ, ಬಟ್ಟಲಿಗೆ ಬೀಳುತ್ತದೆ.

"ಒಸಿ ಸುಮ್ಕಿರಿ," ಎನ್ನುತ್ತಾರೆ. "ಹನಿ ಸದ್ದು ನಿಂತ್ರೆ ಮುಚ್ಚಳ ಕಾದೈತೆ ಅಂತ. ನೀರು ಬದ್ಲಾಯಿಸ್ಬೇಕು."

ಪಕ್ಕದ ಮನೆಯ ಅಂಬಮ್ಮ ಸೌದೆ ತಂದು ಹಾಕುತ್ತಾ ನಗುತ್ತಾರೆ. "ಗಂಡಂಗೆ ಒಂದ್ ದಿನ ಹೊತ್ತಿಗೆ ಸರಿಯಾಗಿ ಕಾಪಿ ಕಾಸ್ದೋಳಲ್ಲ. ಬ್ಯಾಟ್ರಿಗೆ ಹೆಂಗ್ ಕಾಸ್ತಾಳೆ ನೋಡಿ!"

ಕೈಲಾಂಚದಲ್ಲಿ ಬಸ್ಸಿಳಿದು ಕಾಡಂಚಿನಲ್ಲಿ ಆರು ಕಿಲೋಮೀಟರ್ ನಡೆದರೆ ಇರುಳಿಗ ಬುಡಕಟ್ಟಿನವರ ಈ ದೊಡ್ಡಿ ಸಿಗುತ್ತದೆ. ಇಲ್ಲಿಯ ಬಂಡೆ ಹತ್ತಿದರೆ ಬಿಡದಿಯ ಕಡೆಯ ಕಾರ್ಖಾನೆಗಳ ಬೆಳಕು ಕಾಣುತ್ತದೆ. ಕರೆಂಟಿನ ಕಂಬ ಮಾತ್ರ ಇಲ್ಲಿಗೆ ಬಂದಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಸಂಸ್ಥೆ ಇಪ್ಪತ್ತೆರಡು ಮನೆಗೂ ಸೋಲಾರ್ ದೀಪ ಹಾಕಿಸಿತು. ಅಂಗಳಕ್ಕೆ ಬಂದದ್ದು ಆನೆಯೋ ನೆರಳೋ ಎಂದು ಬಾಗಿಲೊಳಗಿಂದಲೇ ತಿಳಿಯುವಂತಾಯಿತು. ನೋಡಿಕೊಳ್ಳುವ ಕೆಲಸ ಕರಿಗಿರಮ್ಮನವರ ಪಾಲಿಗೆ ಬಂತು. ರಾಮನಗರದ ಮೆಕ್ಯಾನಿಕ್ ಇದ್ರೀಸ್ ಕಲಿಸಿದ್ದು ಎರಡೇ ಮಾತು: ಪ್ಯಾನೆಲ್ ಮೇಲೆ ಧೂಳು ಕೂರಬಾರದು, ಬ್ಯಾಟರಿಗೆ ಶುದ್ಧ ನೀರು ಕಡಿಮೆಯಾಗಬಾರದು. ಆ ನೀರಿನ ಬಾಟಲಿಯನ್ನು ಅವರೇ ಬೈಕಿನಲ್ಲಿ ತಂದುಕೊಡುತ್ತಿದ್ದರು.

ಕಳೆದ ವರ್ಷದ ಮಳೆಗೆ ಹಳ್ಳ ತುಂಬಿ ಬೈಕು ಬರಲಿಲ್ಲ. ಬಾಟಲಿ ಬರಿದಾಯಿತು. ಎಂಟು ಬ್ಯಾಟರಿಗಳಲ್ಲಿ ನೀರು ಇಳಿದುಹೋಗಿತ್ತು. ಬೆಟ್ಟದ ಮೇಲೆ, ಬಂಡೆಯ ಸೀಳಿನಿಂದ ಜಿನುಗಿ ತುಂಬುವ ಒಂದು ದೊಣೆಯಿದೆ. ಇಲ್ಲಿ ಹುಟ್ಟಿದ ಕೂಸಿನ ತುಟಿಗೆ ಮೊದಲು ಮುಟ್ಟಿಸುವುದು, ಸಾಯುವವರ ಬಾಯಿಗೆ ಕೊನೆಯಲ್ಲಿ ಬಿಡುವುದು ಅದೇ ನೀರು. ಕರಿಗಿರಮ್ಮ ಸ್ನಾನ ಮಾಡಿ, ಚಪ್ಪಲಿ ಬಿಟ್ಟು ಹತ್ತಿ, ಕೊಡದಲ್ಲಿ ತಂದು ಎಂಟಕ್ಕೂ ತುಂಬಿದರು. ಮೊದಲು ತುಂಬಿದ್ದು ತಮ್ಮ ಮನೆಯದಕ್ಕೆ.

ಎರಡು ತಿಂಗಳಲ್ಲಿ ಎಂಟೂ ಸತ್ತವು.

"ಅದ್ಕಿಂತ ಸುದ್ದವಾದ್ ನೀರು ಈ ಲೋಕದಾಗೆ ಐತೆ ಅಂತ ನಂಗೇನ್ ಗೊತ್ತು?" ಎನ್ನುವಾಗ ಅವರ ಕಣ್ಣು ಒಲೆಯಿಂದ ಏಳುವುದಿಲ್ಲ.

ದೊಣೆಯ ನೀರಿನಲ್ಲಿ ಕಲ್ಲಿನ ಸಾರವಿದೆ, ಬ್ಯಾಟರಿಗೆ ಬೇಕಾದದ್ದು ಆವಿಯಿಂದ ಇಳಿದ ನೀರು ಎಂದು ಇದ್ರೀಸ್ ವಿವರಿಸಿದರು. ಸಂಸ್ಥೆಯವರು ಒಂದು ವರ್ಷದ ಗಡುವು ಕೊಟ್ಟರು. ಉಳಿದ ಹದಿನಾಲ್ಕೂ ಕೆಟ್ಟರೆ ಪ್ಯಾನೆಲ್ ಬಿಚ್ಚಿ ಬೇರೆ ದೊಡ್ಡಿಗೆ ಒಯ್ಯುವುದು ಎಂದಾಯಿತು. ಮತ್ತೆ ಹಳ್ಳ ತುಂಬಿದರೆ ಬಾಟಲಿ ಬರುವ ಭರವಸೆ ಇರಲಿಲ್ಲ. ಆ ವಾರ ಕಾಡುಗೆಣಸು ಬೇಯಿಸುತ್ತಿದ್ದ ಕರಿಗಿರಮ್ಮ ಮುಚ್ಚಳ ಎತ್ತಿದರು. ಅದರ ಒಳಮೈ ತುಂಬ ಹನಿ.

ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಅಲ್ಲಿಂದ ಈ ಒಲೆಗೆ ಬಂದು ನಿಂತದ್ದನ್ನು ನೆನೆದರೆ ಮೈ ನವಿರೇಳುತ್ತದೆ. ಮೂರು ಗಂಟೆ ಉರಿ ಹಾಕಿದರೆ ಅರ್ಧ ಲೀಟರ್. ವಾರಕ್ಕೆರಡು ಬೆಳಗು ಈ ಕೆಲಸ. ದಿನವೂ ಬಿಸಿಲೇರುವ ಮೊದಲು ಇಪ್ಪತ್ತೆರಡು ಪ್ಯಾನೆಲ್‌ಗಳನ್ನೂ ಒರೆಸುತ್ತಾರೆ, ದೀಪ ಸತ್ತ ಮನೆಗಳದ್ದನ್ನೂ.

ಹೊಸತರಲ್ಲಿ ಈ ಹೊಗೆ ಕಂಡು, ಕಳ್ಳಬಟ್ಟಿ ಇರಬೇಕೆಂದು ಅಬಕಾರಿಯವರೂ ಬಂದಿದ್ದರಂತೆ. ಒಬ್ಬರು ಬಟ್ಟಲು ಎತ್ತಿ ಮೂಸಿ, ನಾಲಿಗೆಗೆ ಹಚ್ಚಿಕೊಂಡು, "ಏನಮ್ಮ ಇದು, ಸಪ್ಪೆ!" ಎಂದರು.

"ಬ್ಯಾಟ್ರಿ ಕುಡಿಯೋದು ಸ್ವಾಮಿ. ನಿಮ್ಗೆ ಏರಾಕಿಲ್ಲ," ಎಂದರಂತೆ ಇವರು.

ಇವತ್ತು ಗಡುವಿನ ದಿನ. ಎಂಟೂವರೆಗೆ ಇದ್ರೀಸ್ ಬೈಕು ನಿಲ್ಲಿಸುತ್ತಾರೆ. ಬ್ಯಾಟರಿಯ ಆಮ್ಲ ಅಳೆಯುವ ಗಾಜಿನ ಕೊಳವೆ ಹಿಡಿದು ಮನೆಯಿಂದ ಮನೆಗೆ ನಡೆಯುತ್ತಾರೆ. ಕರಿಗಿರಮ್ಮ ಯಾವ ಮನೆಯ ಒಳಗೂ ಹೋಗುವುದಿಲ್ಲ. ಹೊಸ್ತಿಲಾಚೆ ನಿಂತು ಸೆರಗಿನ ತುದಿ ಹಿಂಡುತ್ತಾರೆ. ಆರು, ಏಳು, ಎಂಟು. ಹನ್ನೊಂದನೆಯ ಮನೆಯಲ್ಲಿ ಇದ್ರೀಸ್ ಎರಡು ಸಲ ಅಳೆಯುತ್ತಾರೆ. ತಂತಿಯ ತುದಿಗೆ ಹಿಡಿದ ಕಿಲುಬು ಕೆರೆದು ಅವರು ಮುಂದಿನ ಮನೆಗೆ ಹೋಗುತ್ತಾರೆ.

ಹದಿನಾಲ್ಕನೆಯ ಮನೆಯಿಂದ ಹೊರಬಂದವರು ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿಡುತ್ತಾರೆ.

"ಅಕ್ಕ, ಹದಿನಾಲ್ಕೂ ಗಟ್ಟಿಮುಟ್ಟಾಗವೆ. ಇನ್ ಬಿಚ್ಚೋ ಮಾತೇ ಇಲ್ಲ. ಸತ್ತಿರೋ ಎಂಟಕ್ಕೂ ಹೊಸಾವು ಕೇಳಿ ಬರೀತೀನಿ. ಒಟ್ಗೇ ಬರಾಕಿಲ್ಲ, ಒಂದೊಂದಾಗಿ ಬತ್ತವೆ."

ಅಂಬಮ್ಮ ಅಲ್ಲೇ ಅಂಗಳದಲ್ಲಿ ಕುಕ್ಕರಿಸಿ ಮುಖ ಒರೆಸಿಕೊಳ್ಳುತ್ತಾರೆ. ಕರಿಗಿರಮ್ಮ ಮಾತ್ರ ನಿಂತೇ ಇದ್ದಾರೆ.

"ಮೊದಲ್ನೇದು ನಿಮ್ಮನೆಗೇ ಹಾಕಣ," ಎನ್ನುತ್ತಾರೆ ಇದ್ರೀಸ್.

"ಬ್ಯಾಡ ಕಣಪ್ಪ. ನಮ್ಮನೇದು ಎಂಟ್ನೇದು ಮಾಡು," ಎನ್ನುತ್ತಾರೆ ಕರಿಗಿರಮ್ಮ. "ಕೆಡಿಸ್ದೋಳು ನಾನು. ಕತ್ಲಲ್ಲಿ ಕೊನೇವರ್ಗೂ ನಾನೇ ಇರ್ತೀನಿ."