ದಡದ ತಿಗಣೆಗೆ ದೊಡ್ಡವರ ಹೆಸರು

ಹಾಲು ಸೋಸುವ ಜರಡಿ ಮಾಯವಾದ ದಿನವೇ ನಾನು ಅತ್ತಿಗೆಯ ಚೀಲ ತಡಕಬೇಕಿತ್ತು. ನಮ್ಮ ಮನೆಯಲ್ಲಿ ಏನು ಕಾಣೆಯಾದರೂ ಮೊದಲ ಆರೋಪಿ ಅವರೇ, ನನ್ನ ಗಂಡನ ಅಕ್ಕ. ನನ್ನ ಮಗಳಿಗೆ ಮಾತು ಬಂದ ಮೇಲೆ ಅವರಿಗೆ ‘ಹುಳದತ್ತೆ’ ಅನ್ನುವ ಹೆಸರು ಅಂಟಿತು. ವಸ್ತುಸಂಗ್ರಹಾಲಯದ ಹಿಂಬದಿ, ನುಸಿಗುಳಿಗೆ ವಾಸನೆಯ ಕೀಟ ವಿಭಾಗದಲ್ಲಿ ಅವರ ಕೆಲಸ. ಸತ್ತ ಹುಳಗಳನ್ನು ಸೂಜಿಗೆ ಚುಚ್ಚುವುದು, ಚುಚ್ಚಲಾಗದಷ್ಟು ಸಣ್ಣವನ್ನು ತ್ರಿಕೋನದ ಕಾಗದದ ತುದಿಗೆ ಅಂಟಿಸುವುದು, ಯಾವುದು ಯಾವ ಜಾತಿ ಎಂದು ಗುರುತಿಸುವುದು. ಕಸುಬು ಅವರ ಹಿಂದೆಯೇ ಮನೆಗೂ ಬಂದಿತ್ತು. ಫ್ರಿಜ್ಜಿನಲ್ಲಿ ಬೆಣ್ಣೆ ಡಬ್ಬಿಯ ಪಕ್ಕ ಜೀರುಂಡೆ ಡಬ್ಬಿ; ಕೈ ಹಾಕುವ ಮುಂಚೆ ಅಲ್ಲಾಡಿಸಿ ನೋಡಬೇಕು. ಮನುಷ್ಯರನ್ನೂ ಅವರು ಭೂತಗನ್ನಡಿಯಲ್ಲೇ ನೋಡುವವರು. ನಾನು ಈ ಮನೆಗೆ ಬಂದ ಹೊಸದರಲ್ಲಿ ತಲೆಯಿಂದ ಕಾಲಿನವರೆಗೆ ಅಳೆದು, “ಪರವಾಗಿಲ್ಲ, ಗಟ್ಟಿ ಜಾತಿ. ಇಲ್ಲಿ ಬದುಕತ್ತೆ” ಅಂದಿದ್ದರು. ನನ್ನ ಮಗಳ ವಯಸ್ಸು ಕೇಳಿದರೆ ಈಗಲೂ ತಡವರಿಸುತ್ತಾರೆ. ಯಾವ ಹುಳ ಎಷ್ಟು ಸಲ ಪೊರೆ ಬಿಡುತ್ತದೆ ಎಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತಾರೆ.

ಜರಡಿ ಕೊನೆಗೆ ಸಿಕ್ಕಿದ್ದು ಐಸ್ ಕಾರ್ಖಾನೆಯ ಹಿಂದಿನ ಅಳಿವೆಯ ದಡದಲ್ಲಿ. ರಜೆಯ ದಿನ ಮಗಳನ್ನು ಗಾಳಿಗೆ ಕರೆದುಕೊಂಡು ಹೋಗಿದ್ದೆ. ನೋಡಿದರೆ ಬೂದು ಕೆಸರಿನಲ್ಲಿ ಬೋರಲು ಮಲಗಿ, ಜರಡಿಯನ್ನು ತಪ್ಪನೆ ಕವುಚಿ ಹಾಕುತ್ತಿದ್ದಾರೆ ನಮ್ಮ ಅತ್ತಿಗೆ! ಸುತ್ತ ಒಂದು ಸಣ್ಣ ಜಾತ್ರೆ.

“ಏನಮ್ಮಾ, ಉಂಗುರ ಬಿತ್ತಾ?” ಎಂದು ಐಸ್ ಹೊರುವವನೊಬ್ಬ ಕೇಳಿದ.

“ಇಲ್ಲಪ್ಪ, ತಿಗಣೆ ಹಿಡೀತಿದೀನಿ.”

“ಅಯ್ಯೋ, ಅದಕ್ಯಾಕೆ ಇಷ್ಟು ಕಷ್ಟ? ನಮ್ಮನೆಗೆ ಬನ್ನಿ, ಮಂಚದ ಸಮೇತ ಕೊಡ್ತೀನಿ.”

ಅತ್ತಿಗೆ ತಲೆ ಎತ್ತಲಿಲ್ಲ. ಇದು ಮಂಚದ ತಿಗಣೆಯಲ್ಲ. ಅದರ ದೂರದ ನೆಂಟ, ದಡದ ತಿಗಣೆ. ಅಕ್ಕಿಕಾಳಿನಷ್ಟು ಉದ್ದ, ಕೆಸರಿನ ಬಣ್ಣ, ಉಬ್ಬಿದ ಕಣ್ಣು, ಹೀರುವ ಮೂತಿ. ನೆರಳು ಬಿದ್ದರೆ ಸಾಕು, ಚಂಗನೆ ಜಿಗಿದು ಮಾಯ. ಅದಕ್ಕೇ ನನ್ನ ಜರಡಿ.

ಅದಾದ ಮೇಲೆ ಅವರು ಮನೆಯಲ್ಲಿ ಮಾತೇ ಆಡಲಿಲ್ಲ. ಅತ್ತಿಗೆ ಯಾರನ್ನೂ ಬೈಯುತ್ತಿಲ್ಲ ಅಂದರೆ ಏನೋ ದೊಡ್ಡದೇ ಇರಬೇಕು. ಒಂದು ದಿನ ಊಟದ ನಡುವೆ ಇದ್ದಕ್ಕಿದ್ದಂತೆ ಬಾಯಿ ಬಿಟ್ಟರು.

“ಗಂಡಿನ ಹಿಂಭಾಗದ ಕೊಕ್ಕೆ ಬಿಡಿಸಿ ನೋಡಿದೆ. ಅಂಥ ಕೊಕ್ಕೆ ಪ್ರಪಂಚದಲ್ಲಿ ಇನ್ಯಾವುದಕ್ಕೂ ಇಲ್ಲ!”

ನಮ್ಮತ್ತೆ ಸೌಟು ಕೆಳಗಿಟ್ಟರು. “ಊಟದ ಹೊತ್ತಲ್ಲಿ ಯಾವ ಗಂಡಿನ ಏನು ಬಿಡಿಸಿ ನೋಡಿದೆ ಅಂತೀಯೇ? ಮಗು ಕೂತಿದೆ!”

“ತಿಗಣೇದಮ್ಮಾ! ಹೊಸ ಜಾತಿ! ಇಲ್ಲೀವರೆಗೂ ಯಾರೂ ಇದನ್ನ ಬರೆದಿಲ್ಲ.”

ಅವರ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಹೊಸ ಹುಳವನ್ನು ಯಾರು ಮೊದಲು ವರ್ಣಿಸಿ ಅಚ್ಚು ಹಾಕಿಸುತ್ತಾರೋ, ಹುಳದ ಹೆಸರಿನ ಬೆನ್ನಿಗೇ ಅವರ ಹೆಸರನ್ನೂ ಬರೆಯುವುದು ವಾಡಿಕೆ. ಅತ್ತಿಗೆ ಹಿಂದೊಮ್ಮೆ ಒಂದು ಜೀರುಂಡೆ ಹಿಡಿದು, ಬರೆದು, ಚಿತ್ರವನ್ನೂ ತೆಗೆದಿದ್ದರು. ಅಚ್ಚಾಗಿ ಬಂದಾಗ ಬೆನ್ನಿಗಿದ್ದದ್ದು ಅವರ ನಿರ್ದೇಶಕರ ಹೆಸರು. ಕೊನೆಯ ಪುಟದಲ್ಲಿ, ಹುಳ ಅಂಟಿಸಿಕೊಟ್ಟದ್ದಕ್ಕಾಗಿ ಅತ್ತಿಗೆಗೆ ಧನ್ಯವಾದ. ಆವತ್ತಿನಿಂದ ಈ ಮನೆಯಲ್ಲಿ ಯಾರು ಧನ್ಯವಾದ ಹೇಳಿದರೂ ಅವರು ಉರಿದು ಬೀಳುತ್ತಾರೆ. ಈ ಸಲ ತಿಗಣೆಯ ಬೆನ್ನಿಗೆ ತನ್ನ ಹೆಸರೇ ಬರಬೇಕು, ಅದೊಂದೇ ಅವರ ಹಟ.

ಸುದ್ದಿ ನಿರ್ದೇಶಕರ ಕಿವಿಗೆ ಬೀಳದೆ ಇರುತ್ತದೆಯೇ? ಅತ್ತಿಗೆ ಊಟದ ಡಬ್ಬಿ ಮರೆತು ಹೋಗಿದ್ದ ದಿನ, ಮಗಳನ್ನು ಸೊಂಟಕ್ಕೇರಿಸಿಕೊಂಡು ಕೊಡಲು ಹೋಗಿದ್ದೆ. ಅದೇ ಹೊತ್ತಿಗೆ ನಿರ್ದೇಶಕರೂ ಬಂದರು. ಇಸ್ತ್ರಿ ಮುರಿಯದ ಅಂಗಿ, ಅವರಿಗಿಂತ ಮೊದಲು ಒಳಗೆ ಬರುವ ಸೆಂಟು. ಸೀದಾ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು.

“ಅದ್ಭುತ! ಆಹಾ, ಎಂಥಾ ರೆಕ್ಕೆ!”

“ಸರ್, ದೀಪ ಹಾಕಿಲ್ಲ,” ಅಂದರು ಅತ್ತಿಗೆ.

ನನ್ನ ಮಗಳು ಕಿಸಕ್ಕನೆ ನಕ್ಕಳು. ಅವಳು ನಕ್ಕದ್ದು ಬೇರೇನಕ್ಕೋ ಇರಬಹುದು. ನಾನಂತೂ ಅವಳನ್ನು ಗದರಲಿಲ್ಲ.

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. “ನೋಡೀಮ್ಮಾ, ಇಂಥದ್ದಕ್ಕೆ ಒಂದು ತೂಕ ಬೇಕು. ಲೇಖಕರು ಅಂತ ನನ್ನ ಹೆಸರು ಇರಲಿ. ನಿಮ್ಮದನ್ನ ಆಮೇಲೆ ನೋಡೋಣ.”

“ಹೋದ ಸಲಾನೂ ಆಮೇಲೆ ಅಂದಿದ್ರಿ, ಸರ್.”

“ಅಲ್ವಾ? ಆಮೇಲೆ ಅಂದ್ರೆ ಆಮೇಲೇನೇ. ಮತ್ತೆ… ಹುಳಕ್ಕೆ ಹೆಸರು ಏನು ಯೋಚನೆ ಮಾಡಿದೀರಿ? ನಾನಾಗಿ ಹೇಳಬಾರದು. ಇಷ್ಟು ವರ್ಷ ಈ ಸಂಸ್ಥೆ ಕಟ್ಟಿದವರು ಯಾರಾದ್ರೂ ನಿಮ್ಮ ಮನಸ್ಸಿಗೆ ಬಂದ್ರೆ…” ಎಂದು ಟೈ ಮುಟ್ಟಿಕೊಂಡು ಹೊರಟರು.

ಆ ಸಂಜೆ ಅತ್ತಿಗೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹಲ್ಲು ಕಡಿದರು. “ಬರೆದವನೂ ಅವನೇ ಆಗ್ಬೇಕಂತೆ, ಹುಳಕ್ಕೂ ಅವನ ಹೆಸರೇ ಬೇಕಂತೆ! ತಾನು ಬರೆದ ಹುಳಕ್ಕೆ ತನ್ನ ಹೆಸರನ್ನ ತಾನೇ ಯಾರೂ ಇಟ್ಕೊಳ್ಳಲ್ಲ ಕಣೇ. ಇಟ್ಕೊಂಡ್ರೆ ನಮ್ಮ ಕಸುಬಿನವರು ಬಿದ್ದು ಬಿದ್ದು ನಗ್ತಾರೆ. ಅಷ್ಟೂ ಗೊತ್ತಿಲ್ಲ ಅವನಿಗೆ.”

ನಾನು ಮಗಳಿಗೆ ತುತ್ತು ಕಲಸುತ್ತಿದ್ದೆ. “ಅತ್ತಿಗೆ, ಇವಳು ಎರಡೂ ಗೊಂಬೆ ಬೇಕು ಅಂತ ರಂಪ ಮಾಡಿದ್ರೆ ನಾನೇನು ಮಾಡ್ತೀನಿ? ಎರಡನ್ನೂ ಮುಂದೆ ಇಟ್ಟು, ಯಾವುದಾದ್ರೂ ಒಂದು ತಗೋ ಅಂತೀನಿ. ಅವರಿಗೂ ಹಾಗೇ ಹೇಳಿ.”

“ನೆಲಕ್ಕೆ ಬಿದ್ದು ಹೊರಳಿದ್ರೆ?”

“ಹೊರಳಲಿ. ಎತ್ಕೋಬಾರದು, ಅಷ್ಟೇ.”

ಮರುದಿನ ಅತ್ತಿಗೆ ಹೇಳಿಯೇಬಿಟ್ಟರು: ಹುಳದ ಹೆಸರು ನಿಮ್ಮದಾದರೆ ಬರೆದವಳು ನಾನೊಬ್ಬಳೇ, ಬರೆದವರು ನೀವಾದರೆ ಹುಳಕ್ಕೆ ಬೇರೆ ಹೆಸರು. ನಿರ್ದೇಶಕರು ಹೊರಳಿದರು. ಏನಾದರೂ ಹೊಂದಾಣಿಕೆ ಅಂದರು, ಸಮಿತಿ ಮಾಡೋಣ ಅಂದರು, ಹೊರ ದೇಶದ ಗೆಳೆಯರೊಬ್ಬರಿಗೆ ಫೋನು ಮಾಡಿ ಕೇಳಿದರು. ಆ ಗೆಳೆಯರು ನಕ್ಕ ಸದ್ದು ಹೊರಗಿನ ಬೆಂಚಿನವರೆಗೂ ಕೇಳಿಸಿತಂತೆ. ಕೊನೆಗೆ ಹುಳಕ್ಕೆ ತಮ್ಮ ಹೆಸರಿಡುವುದನ್ನೇ ಆರಿಸಿಕೊಂಡರು. “ಜನ ರಸ್ತೆಗೆ ಹೆಸರಿಡಿಸ್ಕೋತಾರೆ, ನಿಮಗೆ ತಿಗಣೇನೇ ಸಿಕ್ತಾ?” ಎಂದು ಅವರ ಹೆಂಡತಿ ಮೂಗು ಮುರಿದರಂತೆ. “ರಸ್ತೆ ಹೆಸರನ್ನ ಮುಂದೆ ಬಂದವರು ಬದಲಾಯಿಸ್ತಾರೆ, ತಿಗಣೇದನ್ನ ಯಾರೂ ಮುಟ್ಟೋ ಹಾಗಿಲ್ಲ” ಎಂದು ತಾವು ಕೊಟ್ಟ ಉತ್ತರವನ್ನು ಅವರೇ ಕಚೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಲೇಖನ ಅಚ್ಚಾಯಿತು. ಸಂಗ್ರಹಾಲಯದ ಸಭಾಂಗಣದಲ್ಲಿ ಸಮಾರಂಭ ಇಟ್ಟುಕೊಂಡರು. ಪತ್ರಿಕೆಯವರೂ ಬಂದಿದ್ದರು. ವರ್ಣನೆಯನ್ನು ಅತ್ತಿಗೆ ಓದುತ್ತಾರೆಂದು ಎಲ್ಲರೂ ಅಂದುಕೊಂಡಿದ್ದಾಗ, “ನನ್ನ ಹುಳ, ನಾನೇ ಓದ್ತೀನಿ” ಎಂದು ನಿರ್ದೇಶಕರು ಮೈಕು ಹಿಡಿದರು. ತಮ್ಮ ಮೇಜಿಗೆ ಬಂದದ್ದನ್ನು ಓದದೆ ರುಜು ಹಾಕುವುದು ಅವರ ಹಳೆಯ ಅಭ್ಯಾಸ. ಇದನ್ನೂ ಅವರು ಆವರೆಗೆ ಓದಿರಲಿಲ್ಲ.

“ಮೈಬಣ್ಣ ಮಂಕು, ಹೊಳಪಿಲ್ಲ,” ಎಂದು ಗಟ್ಟಿ ದನಿಯಲ್ಲಿ ಶುರುಮಾಡಿದರು. “ದೇಹಕ್ಕೆ ಹೋಲಿಸಿದರೆ ಕಣ್ಣು ತೀರ ದೊಡ್ಡವು. ರೆಕ್ಕೆಗಳು ಗಿಡ್ಡವಾಗಿದ್ದು, ಹಾರಲು ಬಾರದು.” ದನಿ ಒಂದು ಮೆಟ್ಟಿಲು ಇಳಿಯಿತು. “ನೆರಳು ಬಿದ್ದೊಡನೆ ಜಿಗಿದು ಓಡುತ್ತದೆ. ಬೇರೆ ಕೀಟಗಳು ಹಿಡಿದ ಬೇಟೆಯ ಬಳಿಗೆ ತಡವಾಗಿ ಬಂದು ಮೂತಿ ಇಳಿಸುವುದನ್ನು… ಪದೇ ಪದೇ… ನೋಡಲಾಗಿದೆ.”

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮು ಅಂಟುರೋಗದಂತೆ ಸಾಲಿನಿಂದ ಸಾಲಿಗೆ ಹಬ್ಬಿತು. ನಿರ್ದೇಶಕರ ಹೆಂಡತಿ ಮಾತ್ರ ಕೆಮ್ಮಲಿಲ್ಲ. ಬಾಯಿ ತುಂಬ ನಕ್ಕುಬಿಟ್ಟರು.

ಮನೆಗೆ ಬರುವ ದಾರಿಯಲ್ಲಿ ಕೇಳಿದೆ, “ಬೇಕು ಅಂತಲೇ ಬರೆದ್ರಾ?”

“ಛೆ ಛೆ! ಹುಳಕ್ಕೆ ಅನ್ಯಾಯ ಮಾಡೋಕಾಗತ್ತಾ? ಕಂಡಿದ್ದನ್ನ ಕಂಡ ಹಾಗೆ ಬರೆದೆ.” ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನನಗೆ ನಂಬಿಕೆ ಬರಲಿಲ್ಲ, ಈಗಲೂ ಇಲ್ಲ.

ಮನೆಯಲ್ಲಿ ಪುಟ ಬಿಚ್ಚಿ, ಹುಳದ ಹೆಸರಿನ ಬೆನ್ನಿಗೆ ಅಚ್ಚಾಗಿದ್ದ ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು. ಕಣ್ಣು ತೇವವಾಯಿತು. ಹುಳದತ್ತೆಯ ಕಣ್ಣು ತೇವವಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬೆರಳು ಹಿಂದಕ್ಕೆ ಸರಿಯಿತು, ಹುಬ್ಬು ಗಂಟಿಕ್ಕಿತು.

“ಅಯ್ಯೋ ನನ್ನ ಕರ್ಮವೇ! ಇನ್ಮೇಲೆ ಈ ಪ್ರಪಂಚದಲ್ಲಿ ಈ ತಿಗಣೆ ಬಗ್ಗೆ ಯಾರು ಬರೆದ್ರೂ, ನನ್ನ ಹೆಸರಿನ ಮುಂದೆ ಇವನೇ ಕೂತಿರ್ತಾನಲ್ಲೇ!”

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. “ಇನ್ನೊಂದು ಹುಡುಕ್ಬೇಕು,” ಎಂದು ಗೊಣಗಿ, ಅಡುಗೆಮನೆಯತ್ತ ಕಳ್ಳನೋಟ ಹಾಯಿಸಿದರು.

ಹೊಸ ಜರಡಿಯನ್ನು ಅವರ ಕೈಗೆ ಎಟುಕದ ಹಲಗೆಯ ಮೇಲೆ ಇಟ್ಟಿದ್ದೆ. ಸ್ಟೂಲು ಹತ್ತಿ ಇಳಿಸಿ ಕೊಟ್ಟೆ.

“ತಗೊಂಡು ಹೋಗಿ. ಬರೋವಾಗ ತೊಳೆದು ತನ್ನಿ. ಧನ್ಯವಾದ ಬೇರೆ ಹೇಳ್ಬೇಡಿ.”