ಬಂದೆ ಅಂದದ್ದು

ಐಗಳಿಯ ನಮ್ಮ ಮನೆಯ ಬಚ್ಚಲಿಗೆ ಚಿಲಕವಿದೆ, ನಾನು ಹಾಕುವುದಿಲ್ಲ. ಒಳಗಿರುವಷ್ಟು ಹೊತ್ತೂ ಗಟ್ಟಿಯಾಗಿ ಹಾಡುತ್ತೇನೆ, ಯಾರೂ ಬಾಗಿಲು ತಳ್ಳದಿರಲಿ ಎಂದು. ಬೀಗರು ಬಂದಾಗ ಹೆಂಡತಿ ತಲೆ ತಗ್ಗಿಸುತ್ತಾಳೆ, ನನ್ನ ದನಿ ಅಂಥದ್ದು. ನೌಕಾಪಡೆ ಬಿಟ್ಟು ಎಷ್ಟೋ ವರ್ಷವಾದರೂ ಮುಚ್ಚಿದ ಬಾಗಿಲೆಂದರೆ ಎದೆ ಹಿಂಡುತ್ತದೆ.

ಹಡಗಿನ ಬಾಯ್ಲರ್ ಕೋಣೆಯಲ್ಲಿ ಸೋರುವ ಉಗಿ ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟು ಬಿಸಿ. ಕಸಬರಿಗೆಯ ಕೋಲನ್ನು ಮುಂದೆ ಹಿಡಿದು ನಡೆಯುತ್ತಿದ್ದೆವು. ಕೋಲು ಎಲ್ಲಿ ಸೀಳಿತೋ ಅಲ್ಲಿ ಸೋರಿಕೆ. ಒಂದು ದಿನ ನಾನು ಹಾಗೆ ಹುಡುಕುತ್ತಿದ್ದಾಗ ಪೈಪೇ ಒಡೆಯಿತು. ಮೇಲೆ ಬಾಗಿಲ ಬಳಿ ನಿಪ್ಪಾಣಿಯ ಗೆಳೆಯನಿದ್ದ. ಉಗಿ ಹೊರಗೆ ನುಗ್ಗಿದರೆ ಪಕ್ಕದ ಕೋಣೆಯವರೂ ಬೇಯುತ್ತಿದ್ದರು. ನಾನು ಕೂಗುತ್ತ ಏಣಿ ಹತ್ತಿದೆ. ಬಾಗಿಲು ಧಡ್ಡನೆ ಮುಚ್ಚಿತು. ಕೆಳಗಿಳಿದು ನೆಲದ ತಗಡೆತ್ತಿ, ಹಡಗಿನ ತಳದಲ್ಲಿ ನಿಂತ ಕೊಳಕು ನೀರಿನಲ್ಲಿ ಮೂಗಷ್ಟೇ ಮೇಲಿಟ್ಟು ಬಿದ್ದುಕೊಂಡೆ. ಉಗಿ ನಿಲ್ಲಿಸಿ ಬಾಗಿಲು ತೆರೆಯುವವರೆಗೂ ಅವನಿಗೆ ಹಿಡಿಶಾಪ ಹಾಕಿದೆ. ಆಸ್ಪತ್ರೆಯಿಂದ ನನ್ನನ್ನು ಬೇರೆ ಹಡಗಿಗೆ ಕಳಿಸಿದರು, ಅವನ ಮುಖ ಮತ್ತೆ ನೋಡಲಿಲ್ಲ.

ಕಳೆದ ತಿಂಗಳು ಚಿಕ್ಕೋಡಿಯಲ್ಲಿ ನಮ್ಮಂಥ ಹಳೆಯ ನೌಕಾಪಡೆಯವರು ಸೇರಿದ್ದೆವು. ಅವನೂ ಬಂದಿದ್ದ. ಪುಕ್ಕಲ, ಯಾಕೆ ಬಾಗಿಲು ಹಾಕಿದೆ ಎಂದು ನಾಲ್ಕು ಜನರೆದುರು ಕೇಳಲೆಂದೇ ಎದ್ದೆ. ಅಷ್ಟರಲ್ಲಿ ಅವನೇ ನನ್ನ ಕೈ ಹಿಡಿದು ಎಲ್ಲರಿಗೂ ತೋರಿಸಿದ.

“ಇವ್ನ ನೋಡ್ರಿ. ನನಗ ಬಾಗ್ಲಾ ಹಾಕಾಕ ಮನಸ್ಸ ಆಗವಲ್ದಾಗಿತ್ತು. ಒಳಗಿದ್ದಾವ ತಾನ ‘ಬಂದ್, ಬಂದ್’ ಅಂತ ಒದರಿದಾ. ನಮ್ಮೆಲ್ಲಾರ ಜೀವಾ ಉಳಿಸಿದಾ.”

ನಾನು ಒದರಿದ್ದು ‘ಬಂದೆ, ಬಂದೆ’ ಎಂದು. ತಡೆ, ಬರುತ್ತಿದ್ದೇನೆ ಎಂದು. ಕೊನೆಯ ಸ್ವರ ನುಂಗುವುದು ನಮ್ಮ ಕಡೆಯವರ ಚಟ; ಮನೆಯಲ್ಲಿ ಮರಾಠಿ ಆಡುವ ಅವನ ಕಿವಿಗೆ, ಆ ಸದ್ದಿನಲ್ಲಿ, ಮುಚ್ಚು ಎಂದೇ ಕೇಳಿಸಿದೆ. ಅವನ ಹೆಂಡತಿ ನನ್ನ ಕಾಲು ಮುಟ್ಟಲು ಬಗ್ಗಿದರು. ಇಷ್ಟು ವರ್ಷ ಸಾಕಿದ ಸಿಟ್ಟು ಎಲ್ಲಿ ಹೋಯಿತೋ, ಕಾಲು ಹಿಂದೆಳೆದುಕೊಂಡೆ. ನಾನು ನಿಜ ಹೇಳಿಬಿಟ್ಟರೆ, ಬದುಕಿಸೆಂದು ಬೇಡುವವನ ಮುಖಕ್ಕೆ ಬಾಗಿಲು ಹಾಕಿದೆನಲ್ಲ ಎಂದು ಅವನು ಸಾಯುವವರೆಗೂ ಕೊರಗುತ್ತಾನೆ.

ಚಹಾದ ಹೊತ್ತಿಗೆ ಅವನು ಒಬ್ಬನೇ ಬಂದು ಪಕ್ಕದಲ್ಲಿ ಕೂತ. ಕೈಯಲ್ಲಿದ್ದ ಚಹಾವನ್ನು ಇನ್ನೂ ಕುಡಿದಿರಲಿಲ್ಲ.

“ನೀ ಬಂದ್ ಅಂತನ ಅಂದಿದ್ದಿ, ಹೌದಿಲ್ಲೋ?”

“ಹೌದು. ಬಂದ್ ಅಂತನ ಅಂದಿದ್ದೆ.”

ಅವನು ಚಹಾ ಪೂರ್ತಿ ಕುಡಿದ. ನನ್ನದು ಹಾಗೇ ಆರಿಹೋಯಿತು.